ಹಾರದ ವಿಮಾನದ ಆರು ಸೀಟುಗಳು

ದೂರದ ಊರಿಗೆ ವಿಮಾನ ಹತ್ತುವವನು ತನ್ನ ಮನೆಯಲ್ಲಿ ಬುದ್ಧಿವಂತನಾಗಿಯೇ ಇರುತ್ತಾನೆ. ನನ್ನ ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆ ಅವನಿಗೆ ಏನೋ ಆಗುತ್ತದೆ. ಇದಕ್ಕೆ ವಾರಕ್ಕೊಂದಾದರೂ ಹೊಸ ಸಾಕ್ಷಿ ತಾನಾಗಿಯೇ ನಡೆದು ಬರುತ್ತದೆ. ದೆಹಲಿಯ ಮಯೂರ್ ವಿಹಾರದ ಮಾರ್ಕೆಟ್ಟಿನಲ್ಲಿ ನನ್ನ ಅಂಗಡಿ. ಪ್ರಯಾಣದಲ್ಲಿ ಹೊತ್ತು ಕಳೆಯುವ ಸಾಮಾನು ಮಾರುತ್ತೇನೆ: ಟ್ಯಾಬ್ಲೆಟ್, ಹೆಡ್‌ಫೋನ್, ಹಾಡಿನ ಪೆಟ್ಟಿಗೆ, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್. ಕ್ಯಾಸೆಟ್ಟಿನ ಕಾಲದಿಂದ ಇದೇ ಕಸುಬು. ಎದುರಿಗೆ ಎರಡಂತಸ್ತಿನ ಶೋರೂಂ ಬಂತು. ಆಮೇಲೆ ಆನ್‌ಲೈನ್ ಬಂತು. ಆಮೇಲೆ ‘ಎಲ್ಲಾ ಫೋನಿನಲ್ಲೇ ಇದೆ ಅಂಕಲ್’ ಎನ್ನುವ ಪೀಳಿಗೆ ಬಂತು. ಒಂದೊಂದು ಬಂದಾಗಲೂ ನಾಲ್ಕು ಜನ ಹಿತೈಷಿಗಳು ಬಂದು, ‘ಇನ್ನು ಮುಚ್ಚಿಬಿಡಿ’ ಎಂದರು. ನಾನು ಮುಚ್ಚಲಿಲ್ಲ. ವಿಮಾನ ತಂದೆ.

೧. ಬಾಕಿ ಜಹಾಜು

ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಗುಮಾಸ್ತರೊಬ್ಬರು, ನಮ್ಮ ಕನ್ನಡದವರೇ, ತಂಗಿಯ ಮನೆಗೆಂದು ಮೆಲ್ಬರ್ನಿಗೆ ಹೊರಟಿದ್ದರು. ನನ್ನ ಕೌಂಟರಿನ ಮೇಲೆ ದೊಡ್ಡದೊಂದು ಟ್ಯಾಬ್ಲೆಟ್ ನಿಲ್ಲಿಸಿ ನೋಡಿ, ‘ಆಹಾ, ಥಿಯೇಟರ್!’ ಎಂದು ಒಯ್ದರು. ತಿಂಗಳಾದ ಮೇಲೆ ಬಂದು ಅದೇ ಕೌಂಟರಿನ ಮೇಲೆ ಕುಕ್ಕಿದರು.

‘ಮುಂದಿನ ಸೀಟಿನವನು ಒರಗಿದ ತಕ್ಷಣ ನಿಮ್ಮ ಥಿಯೇಟರ್ ನನ್ನ ಮೂಗಿಗೆ ಬಡೀತು. ದಾಲ್ ಚೆಲ್ಲಿತು. ಹನ್ನೆರಡು ಗಂಟೆ ಬರೀ ನಾಯಕನ ಗಲ್ಲ ನೋಡಿದೀನಿ ರೀ!’

‘ಇಲ್ಲಿ ಕೌಂಟರಿನ ಮೇಲೆ ಸರಿಯಾಗಿತ್ತಲ್ಲ?’

‘ನಾನೇನು ಕೌಂಟರಿನ ಮೇಲೆ ಕೂತು ಮೆಲ್ಬರ್ನಿಗೆ ಹೋದ್ನೇ?’

ಅವರು ಹೇಳಿದ್ದು ನಿಜ. ನಾನು ಹಾಗೆ ಹೇಳಲಿಲ್ಲ ಅಷ್ಟೆ. ವ್ಯಾಪಾರಿಯಾದವನು ಗಿರಾಕಿಯ ಎದುರಿಗೆ ತಪ್ಪು ಒಪ್ಪುವುದಿಲ್ಲ. ಅವನು ಹೋದ ಮೇಲೆ ತಿದ್ದಿಕೊಳ್ಳುತ್ತಾನೆ. ಮರುದಿನವೇ ಮಾಯಾಪುರಿಯ ಗುಜರಿಗೆ ಹೋದೆ. ಅಲ್ಲಿ ಸಿಗದ ವಸ್ತು ಭೂಮಿಯ ಮೇಲೆ ಇಲ್ಲ. ಹಳೆಯ ವಿಮಾನದಿಂದ ಕಿತ್ತ ಸೀಟುಗಳ ರಾಶಿಯಲ್ಲಿ ಎರಡು ಸಾಲು ಆರಿಸಿದೆ, ಸಾಲಿಗೆ ಮೂರರಂತೆ ಆರು ಸೀಟು. ಬೆಲ್ಟ್ ಇತ್ತು, ಬೆನ್ನಿಗೆ ಮಡಿಸುವ ಟ್ರೇ ಇತ್ತು, ಗುಂಡಿ ಒತ್ತಿದರೆ ಒರಗುತ್ತಿತ್ತು. ಟೆಂಪೋಗೆ ಹಾಕಿಸಿ ಯಮುನೆಯ ಸೇತುವೆಗೆ ಬಂದಾಗ ಟ್ರಾಫಿಕ್ ಪೇದೆ ತಡೆದ. ಟೆಂಪೋವನ್ನು ಎರಡು ಸುತ್ತು ಸುತ್ತಿದ. ಸೀಟುಗಳನ್ನು ನೋಡಿದ, ನನ್ನನ್ನು ನೋಡಿದ, ಆಕಾಶವನ್ನೂ ನೋಡಿದ.

‘ಬಾಕಿ ಹವಾಯಿ ಜಹಾಜು ಎಲ್ಲಿ?’

‘ಕಂತಿನಲ್ಲಿ ತರ್ತಾ ಇದೀನಿ ಭಯ್ಯಾ,’ ಎಂದೆ.

೨. ಕೂರಿಸುವುದು ಯಾರ ಕಸುಬು

ಅಂದಿನಿಂದ ಅಂಗಡಿಯಲ್ಲಿ ಒಂದು ನಿಯಮ. ಯಾವ ಸಾಮಾನು ಬೇಕಾದರೂ ಆರಿಸಿಕೊಳ್ಳಿ, ಆದರೆ ಬಿಲ್ ಆಗುವ ಮುಂಚೆ ಹಿಂದಿನ ಸಾಲಿನಲ್ಲಿ ಬೆಲ್ಟ್ ಕಟ್ಟಿಕೊಂಡು ಅದರ ಜೊತೆ ಒಂದು ಗಂಟೆ ಕೂರಬೇಕು. ಒಂದು ಟೀ ಕೊಡುತ್ತೇನೆ, ಅದೂ ಟ್ರೇ ಮೇಲೆಯೇ. ನಲವತ್ತನೇ ನಿಮಿಷಕ್ಕೆ ನಾನು ಮುಂದಿನ ಸಾಲಿನಲ್ಲಿ ಕೂತು, ಹೇಳದೆ ಕೇಳದೆ, ಧಡಕ್ಕನೆ ಹಿಂದಕ್ಕೆ ಒರಗುತ್ತೇನೆ. ಆಗಲೂ ಸಾಮಾನು ಕೈಯಲ್ಲಿ ಉಳಿದರೆ ಅದು ನಿಮ್ಮದು. ಕೂರುವುದಕ್ಕೆ ಪುರುಸೊತ್ತಿಲ್ಲ ಎನ್ನುವವರಿಗೆ ಎದುರಿನ ಶೋರೂಮಿನ ದಾರಿ ತೋರಿಸುತ್ತೇನೆ. ಹದಿನಾಲ್ಕು ಗಂಟೆ ಕೂರಲು ಹೊರಟವನಿಗೆ ಒಂದು ಗಂಟೆ ಇಲ್ಲವೆಂದರೆ ಅವನ ದುಡ್ಡೂ ನನಗೆ ಬೇಡ.

ಜನ ನಕ್ಕರು, ಆಮೇಲೆ ಬಂದರು. ಓಖ್ಲಾದಿಂದ, ನೊಯ್ಡಾದಿಂದ, ಗುರುಗ್ರಾಮದಿಂದಲೂ ಬಂದರು. ಬಂದವರ ಹಿಂದೆಯೇ ಮಾರ್ಕೆಟ್ಟಿನ ವ್ಯಾಪಾರಿ ಸಂಘದ ಅಧ್ಯಕ್ಷರೂ ಬಂದರು. ಎಲ್ಲರೂ ಅವರನ್ನು ಪ್ರಧಾನ್‌ಜೀ ಎನ್ನುತ್ತಾರೆ. ನನ್ನಿಂದ ಮೂರು ಬಾಗಿಲು ಆಚೆ ಅವರ ಸೋಫಾ ಅಂಗಡಿ.

‘ಮದ್ರಾಸೀ ಭಾಯಿ, ಇದೇನು ಹೊಸ ಧಂಧೆ?’

‘ಎಷ್ಟು ಸಲ ಹೇಳಲಿ ಪ್ರಧಾನ್‌ಜೀ, ನಾನು ಕರ್ನಾಟಕದವನು.’

‘ಅಚ್ಛಾ, ಕರ್ನಾಟಕದ ಮದ್ರಾಸಿ. ಕೇಳಿ. ಗಿರಾಕಿಯನ್ನು ಗಂಟೆಗಟ್ಟಲೆ ಕೂರಿಸೋದು ನನ್ನ ಕಸುಬು. ಟೀ ಕುಡಿಸೋದು ಹೋಟೆಲಿನವನ ಕಸುಬು. ಒಂದು ಅಂಗಡಿಗೆ ಒಂದೇ ಕಸುಬು, ಇದು ಸಂಘದ ನಿಯಮ. ಸೀಟು ತೆಗೆಯಿರಿ.’

‘ತೆಗೆಯಲ್ಲ.’

‘ಹಾಗಾದರೆ ಮುಂದಿನ ತಿಂಗಳ ಸಭೆಯಲ್ಲಿ ಠರಾವು ಮಾಡಿ ತೆಗೆಸ್ತೀನಿ.’

ಅದು ಬರೀ ಬೆದರಿಕೆ ಅಲ್ಲ, ನನಗೆ ಗೊತ್ತಿತ್ತು. ಸಂಘದ ಠರಾವು ಮೀರಿದವನಿಗೆ ಈ ಮಾರ್ಕೆಟ್ಟಿನಲ್ಲಿ ಬಾಡಿಗೆ ಕರಾರು ಮುಂದುವರಿಯುವುದಿಲ್ಲ. ಸೀಟು ಹೋದರೆ ನಾನು ಶೋರೂಮಿಗಿಂತ ತುಸು ದುಬಾರಿಗೆ ಮಾರುವ ಇನ್ನೊಬ್ಬ ಮುದುಕ. ಆರು ತಿಂಗಳಲ್ಲಿ ಶಟರ್ ಎಳೆಯಬೇಕು. ಆದರೂ ದನಿ ಇಳಿಸಲಿಲ್ಲ. ‘ನಿಮ್ಮ ಸೋಫಾ ಅಂಗಡಿಯಲ್ಲಿ ದಿನವಿಡೀ ಟಿವಿ ಓಡುತ್ತಲ್ಲ, ಅದು ಯಾರ ಕಸುಬು?’ ಎಂದೆ.

‘ಸೋಫಾದ ಮೇಲೆ ಕೂತವನಿಗೆ ಮುಂದೆ ಏನಾದರೂ ಬೇಕಲ್ಲ!’

‘ನಂದೂ ಅದೇ ಪ್ರಧಾನ್‌ಜೀ. ಸಿನಿಮಾ ನೋಡೋವನಿಗೆ ಕೆಳಗೆ ಏನಾದರೂ ಬೇಕಲ್ಲ!’

೩. ಕಿಟಕಿ ಇಲ್ಲದ ಕಿಟಕಿ ಸೀಟು

ಆ ತಿಂಗಳಲ್ಲೇ ಕೇಂದ್ರ ಸರ್ಕಾರದ ಒಂದು ಇಲಾಖೆಯಿಂದ ಮೂವರು ಅಧಿಕಾರಿಗಳು ಒಟ್ಟಿಗೆ ಬಂದರು. ಮೂವರೂ ಕನ್ನಡದವರು: ಒಬ್ಬರು ಹಿರಿಯರು, ಒಬ್ಬರು ನಡುವಿನವರು, ಒಬ್ಬರು ಕಿರಿಯರು. ಯಾವುದೋ ಸಮ್ಮೇಳನಕ್ಕೆ ಜಿನೀವಾಕ್ಕೆ ಹೊರಟಿದ್ದರು. ಮೂವರಿಗೂ ಒಂದೊಂದು ಹೆಡ್‌ಫೋನ್ ಬೇಕಿತ್ತು. ‘ಕೂತ್ಕೊಳ್ಳಿ,’ ಎಂದೆ. ಯಾರೂ ಕೂರಲಿಲ್ಲ.

‘ಕಿಟಕಿ ಸೀಟು ಯಾವುದು?’ ಎಂದು ಕಿರಿಯರು ಮೆಲ್ಲಗೆ ಕೇಳಿದರು.

‘ಕಿಟಕಿ ಇಲ್ಲ. ಆ ಕಡೆ ಗೋಡೆ, ಗೋಡೆ ಮೇಲೆ ಕ್ಯಾಲೆಂಡರ್.’

‘ಕ್ಯಾಲೆಂಡರ್ ಇರೋ ಕಡೆ ಸಾಹೇಬರು,’ ಎಂದು ತೀರ್ಮಾನವಾಯಿತು. ಸಾಹೇಬರು ಹೋಗಿ ಕ್ಯಾಲೆಂಡರಿನ ಪಕ್ಕ ಕೂತರು. ಇನ್ನಿಬ್ಬರಲ್ಲಿ ನಡುವಿನ ಇಕ್ಕಟ್ಟಿನ ಸೀಟು ಯಾರಿಗೆ? ಇಬ್ಬರೂ ಒಂದೇ ದಿನ ನೌಕರಿಗೆ ಸೇರಿದವರಂತೆ. ನಡುವಿನವರು ಹಿರಿತನದ ಪಟ್ಟಿಯಲ್ಲಿ ತಮ್ಮ ಹೆಸರು ಮೇಲಿದೆ ಎಂದರು. ಕಿರಿಯರು, ಆ ಪಟ್ಟಿಗೆ ತಾವು ಕೊಟ್ಟ ಆಕ್ಷೇಪಣೆ ಇನ್ನೂ ತೀರ್ಮಾನವಾಗಿಲ್ಲ ಎಂದರು. ಸಾಹೇಬರು ಬೆಲ್ಟ್ ಕಟ್ಟಿಕೊಂಡು ಕ್ಯಾಲೆಂಡರಿನ ಏಕಾದಶಿಗಳನ್ನು ಓದುತ್ತಾ ಇದ್ದರು. ಇಪ್ಪತ್ತೈದು ನಿಮಿಷವಾದ ಮೇಲೆ, ಆಕ್ಷೇಪಣೆಯ ಹಕ್ಕನ್ನು ಕಾಯ್ದಿರಿಸಿಕೊಂಡು ಕಿರಿಯರು ನಡುವೆ ಕೂತರು.

ನಿಯಮದಂತೆ ಒಂದು ಗಂಟೆ ಕೂತರು ನಿಜ, ಹೆಡ್‌ಫೋನಿನ ತೀರ್ಮಾನಕ್ಕೆ ಬೇಕಾದದ್ದು ಐದೇ ನಿಮಿಷ. ಮೂವರೂ ಒಂದು ಒಳ್ಳೆಯದನ್ನು ಹಾಕಿ ನೋಡಿದರು, ಆದರೆ ಸಾಹೇಬರು ಒಂದು ಸಾಧಾರಣದ್ದನ್ನು ಒಪ್ಪಿದರು. ಅಲ್ಲಿಗೆ ಮುಗಿಯಿತು, ಸಾಹೇಬರದ್ದಕ್ಕಿಂತ ಒಳ್ಳೆಯದನ್ನು ಇನ್ನಿಬ್ಬರು ಹೇಗೆ ಕೊಳ್ಳುವುದು? ನಡುವಿನವರು ಅದಕ್ಕಿಂತ ಕಡಿಮೆಯದು ತೆಗೆದುಕೊಂಡರು. ಕಿರಿಯರು ಅದಕ್ಕಿಂತಲೂ ಕಡಿಮೆಯದಕ್ಕೆ ಕೈಹಾಕಿ, ಅದು ಕಿವಿ ಕಚ್ಚಿದರೂ ‘ವಾಹ್’ ಎಂದರು.

ಮರುದಿನ ಬೆಳಗ್ಗೆ ಕಿರಿಯರು ಒಬ್ಬರೇ ಬಂದರು. ‘ನಿನ್ನೆ ನೋಡಿದ ಆ ಒಳ್ಳೇದು ಕೊಡಿ. ಸಾಹೇಬರಿಗೆ ಹೇಳ್ಬೇಡಿ.’ ಮಧ್ಯಾಹ್ನ ನಡುವಿನವರು ಬಂದರು. ‘ಅದೇ ಒಳ್ಳೇದು. ಇಬ್ಬರಿಗೂ ಹೇಳ್ಬೇಡಿ.’ ಸಂಜೆ ಸಾಹೇಬರೇ ಬಂದರು. ಅತ್ತಿತ್ತ ನೋಡಿ, ಗಾಜಿನ ಕಪಾಟಿನಲ್ಲಿದ್ದ, ಮಂಗ ಮರದಿಂದ ಮರಕ್ಕೆ ನೆಗೆಯುವ ವಿಡಿಯೋ ಗೇಮನ್ನು ಬೆರಳಿನಿಂದ ತೋರಿಸಿದರು.

‘ಇದನ್ನು ಫೈಲಿನೊಳಗೆ ಇಟ್ಟುಕೊಂಡು ಆಡೋಕಾಗುತ್ತಾ?’

೪. ಐದು ನಿಮಿಷ ಮುಂದೆ

ನಮ್ಮ ಮಾರ್ಕೆಟ್ಟಿನ ಹಿಂದಿರುವ ಹೌಸಿಂಗ್ ಸೊಸೈಟಿಯ ದಂಪತಿ. ಗಂಡ ನಿವೃತ್ತರು. ಇಬ್ಬರೂ ಹೆಂಡತಿಯ ಅಣ್ಣನ ಮನೆಗೆ ಲಂಡನ್ನಿಗೆ ಹೊರಟಿದ್ದರು. ಆಕೆಗೆ ಧಾರಾವಾಹಿ ತುಂಬಿಸಿದ ಟ್ಯಾಬ್ಲೆಟ್ ಬೇಕಿತ್ತು. ಆತನಿಗೆ ಏನೂ ಬೇಡ. ‘ನಾನು ನಿದ್ದೆ ಮಾಡ್ತೀನಿ. ಈ ಅಳುಬುರುಕ ಕತೆಗಳನ್ನೆಲ್ಲ ನಾನು ನೋಡಲ್ಲ,’ ಎಂದು ಆಕೆಯ ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು.

ಆಕೆ ಇಯರ್‌ಫೋನ್ ಹಾಕಿಕೊಂಡು ನೋಡತೊಡಗಿದರು. ಹತ್ತನೇ ನಿಮಿಷಕ್ಕೆ ಆತನ ಒಂದು ಕಣ್ಣು ತೆರೆಯಿತು. ಹದಿನೈದಕ್ಕೆ ಎರಡೂ. ‘ಅವಳ್ಯಾಕೆ ಅಳ್ತಿದಾಳೆ?’

‘ನೀವು ನೋಡಲ್ಲ ಅಂದ್ರಲ್ಲ.’

‘ನೋಡ್ತಿಲ್ಲ. ಯಾಕೆ ಅಳ್ತಿದಾಳೆ ಅಂತ ಕೇಳಿದೆ ಅಷ್ಟೆ.’ ಎರಡು ನಿಮಿಷ ಬಿಟ್ಟು, ‘ಆ ಮೀಸೆಯವನು ಮೊದಲೇ ಸರಿಯಿರಲಿಲ್ಲ. ನಂಗೊತ್ತಿತ್ತು.’

ಆಕೆ ಇಯರ್‌ಫೋನ್ ಕಿತ್ತು ನನ್ನ ಕಡೆ ತಿರುಗಿದರು. ‘ಇಂಥದ್ದೇ ಇನ್ನೊಂದು ಕೊಡಿ. ಎರಡರಲ್ಲೂ ಅದೇ ಧಾರಾವಾಹಿ ಹಾಕಿ. ಒಟ್ಟಿಗೇ ಶುರು ಮಾಡ್ಕೋತೀವಿ, ಒಂದು ಪ್ರಶ್ನೆ ಇರಬಾರದು.’

ನನಗೆ ಒಂದರ ಬದಲು ಎರಡರ ವ್ಯಾಪಾರವಾಯಿತು. ಬಿಲ್ ಬರೆಯುತ್ತಿದ್ದಾಗ ಗಂಡ ಕೌಂಟರಿಗೆ ಬಗ್ಗಿ ಪಿಸುಗುಟ್ಟಿದರು. ‘ನಂದು ಐದು ನಿಮಿಷ ಮುಂದೆ ಓಡೋ ಹಾಗೆ ಮಾಡಿ ಕೊಡಿ.’

‘ಯಾಕೆ ಸಾರ್?’

‘ಮುಂದೆ ಏನಾಗುತ್ತೆ ಅಂತ ಇವಳಿಗೆ ಹೇಳ್ಬೇಕಲ್ಲ!’

೫. ಯಾರಿಗೂ ಸಿಗದ ಪೆಟ್ಟಿಗೆ

ಮಂಗಳೂರಿನ ಹುಡುಗಿ, ನೊಯ್ಡಾದ ದೊಡ್ಡ ಕಂಪನಿಯಲ್ಲಿ ಕೆಲಸ. ಸ್ನೇಹಿತೆಯ ಜೊತೆಗೆ ಬಂದವಳು. ಆ ಸ್ನೇಹಿತೆ ಹೆಡ್‌ಫೋನ್ ಪರೀಕ್ಷೆಗೆ ಕೂತಿದ್ದರೆ ಈಕೆ ನಿಂತು ನನಗೆ ಪಾಠ ಹೇಳುತ್ತಿದ್ದಳು.

‘ಅಂಕಲ್, ಸೀರಿಯಸ್ಲೀ, ಈಗ ಯಾರು ಇದನ್ನೆಲ್ಲ ತಗೋತಾರೆ? ಮುಂದಿನ ವಾರ ನಂಗೆ ಹದಿನಾರು ಗಂಟೆ ಫ್ಲೈಟ್ ಇದೆ. ಎಲ್ಲಾ ಫೋನಲ್ಲೇ ಇದೆ.’

‘ಸರಿ. ಆ ಫೋನ್ ಹಿಡಕೊಂಡು ಒಂದು ಗಂಟೆ ಕೂತು ತೋರಿಸು. ಒಂದು ಸಿನಿಮಾದ ಅರ್ಧ ನೋಡಿ ಮುಗಿಸಿದರೆ ನಾಳೆಯಿಂದ ನಾನು ಫೋನಿನ ಕವರ್ ಮಾರ್ತೀನಿ.’

ಧೈರ್ಯದಿಂದ ಕೂತಳು. ಸಿನಿಮಾ ಶುರುವಾಗಿ ನಾಯಕಿ ಬಸ್ಸಿನಿಂದ ಇಳಿಯುವಷ್ಟರಲ್ಲಿ ಬಾಸ್ ಫೋನು. ನಾಯಕಿ ರಸ್ತೆ ದಾಟುವಷ್ಟರಲ್ಲಿ ಮತ್ತೆ ಬಾಸ್. ಹನ್ನೊಂದನೆಯ ಕರೆಗೂ ಆ ನಾಯಕಿ ಮನೆ ತಲುಪಿರಲಿಲ್ಲ.

‘ವಿಮಾನದಲ್ಲಿ ಫೋನ್ ಬರಲ್ಲ ಅಂಕಲ್,’ ಎಂದಳು, ಆದರೆ ದನಿ ಇಳಿದಿತ್ತು.

ಸ್ನೇಹಿತೆ ನಕ್ಕಳು. ‘ಫ್ಲೈಟಲ್ಲಿ ವೈಫೈ ಇದೆ ಕಣೇ. ನಿನ್ನ ಬಾಸು ಆಗಲೇ ಪ್ಯಾಕ್ ಹಾಕಿಸಿಟ್ಟಿದಾರೆ.’

ಹುಡುಗಿ ಫೋನನ್ನು ಟ್ರೇ ಮೇಲೆ ಬೋರಲು ಹಾಕಿದಳು. ಆಮೇಲೆ, ‘ಅಂಕಲ್, ಸಿಮ್ ಇಲ್ಲದ, ನೆಟ್ ಇಲ್ಲದ, ಏನಕ್ಕೂ ಕನೆಕ್ಟ್ ಆಗದೇ ಇರೋದು ಏನಾದ್ರೂ ಇದ್ಯಾ?’ ಎಂದಳು. ಕಪಾಟಿನ ತಳದಲ್ಲಿ, ಕಂಪನಿಯೇ ಮರೆತ ಪುಟ್ಟ ಹಾಡಿನ ಪೆಟ್ಟಿಗೆಗಳು ಉಳಿದಿದ್ದವು. ಧೂಳು ಒರೆಸಿ ಕೈಗಿಟ್ಟೆ.

‘ಇದರಲ್ಲಿ ನಾನು ಯಾರಿಗಾದ್ರೂ ಸಿಗ್ತೀನಾ?’

‘ದೇವರಿಗೂ ಸಿಗಲ್ಲ.’

‘ಎರಡು ಕೊಡಿ.’

‘ಇನ್ನೊಂದು ನಿನ್ನ ಸ್ನೇಹಿತೆಗಾ?’

‘ಬಾಸ್‌ಗೆ ಅಂಕಲ್. ಪಾಪ, ಅವರಿಗೂ ಒಬ್ಬ ಬಾಸ್ ಇದಾನೆ.’

೬. ಪ್ರಧಾನ್‌ಜೀ ಬೆಲ್ಟ್ ಕಟ್ಟಿದರು

ಸಭೆಯ ದಿನ ಬಂತು. ಸ್ಥಳ ಪರಿಶೀಲನೆ ಆಗಬೇಕೆಂದು ಪ್ರಧಾನ್‌ಜೀ ಸಭೆಯನ್ನು ನನ್ನ ಅಂಗಡಿಯಲ್ಲೇ ಕರೆದರು. ಆರು ಜನ ಸದಸ್ಯರು. ಮೂವರು ಪ್ರಧಾನ್‌ಜೀಯವರ ಕಡೆ. ಅವರ ಮುಂದಾಳು ಮಿಠಾಯಿ ಅಂಗಡಿಯವನು. ಇನ್ನು ಮೂವರು ನನ್ನ ಕಡೆ. ಅವರು ನ್ಯಾಯಪಕ್ಷಪಾತಿಗಳೇನಲ್ಲ, ಮಧ್ಯಾಹ್ನ ನನ್ನ ಮುಂದಿನ ಸಾಲಿನಲ್ಲಿ ಕಾಲುಚಾಚಿ ನಿದ್ದೆ ತೆಗೆಯುವವರು. ಮೂರು ಮೂರು ಆದರೆ ಪ್ರಧಾನ್‌ಜೀಯವರ ವೋಟೇ ಕೊನೆಯ ವೋಟು. ಅಂದರೆ ನನ್ನ ಕತೆ ಮುಗಿದಿತ್ತು.

ನಡಾವಳಿ ಬರೆಯಲು ಒಬ್ಬ ನಿವೃತ್ತ ಸೆಕ್ಷನ್ ಆಫೀಸರ್ ಇದ್ದರು. ಕನ್ನಡದವರು. ಹಾಗೆಂದು ನನ್ನ ಪರವಾಗಿ ಒಂದು ಅಲ್ಪವಿರಾಮ ಹಾಕುವವರೂ ಅಲ್ಲ. ಮೂವತ್ತೈದು ವರ್ಷ ಫೈಲು ನೋಡಿದ ಆ ಮನುಷ್ಯನಿಗೆ ನಿಯಮ ಬಿಟ್ಟರೆ ಬೇರೆ ನೆಂಟರಿಲ್ಲ.

ನನ್ನ ಕೈಯಲ್ಲಿ ಒಂದೇ ಒಂದು ಸಂಗತಿ ಇತ್ತು. ಪ್ರಧಾನ್‌ಜೀ ಮುಂದಿನ ವಾರ ತಂಗಿಯ ಮಗಳ ಮದುವೆಗೆ ಕೆನಡಾಕ್ಕೆ ಹೊರಟಿದ್ದರು. ಹದಿನಾಲ್ಕು ಗಂಟೆ, ಜೀವನದ ಮೊದಲ ದೊಡ್ಡ ವಿಮಾನ. ಅವರು ಯಾರಿಗೂ ಹೇಳಿರಲಿಲ್ಲ. ಅವರ ಹೆಂಡತಿ ಇಡೀ ಮಾರ್ಕೆಟ್ಟಿಗೆ ಹೇಳಿದ್ದರು.

‘ಪ್ರಧಾನ್‌ಜೀ, ಠರಾವು ಮಾಡಿ, ಬೇಡ ಅನ್ನಲ್ಲ,’ ಎಂದೆ. ‘ಆದರೆ ಕೂರದೆ ಸೀಟಿನ ಮೇಲೆ ತೀರ್ಪು ಕೊಡೋದು ಯಾವ ನ್ಯಾಯ? ನೀವು ಸೋಫಾ ಮಾರೋರು. ನೀವೇ ಹೇಳಿ.’

ಅದು ಅವರ ಕಸುಬಿಗೆ ತಾಗಿತು. ‘ಐದು ನಿಮಿಷ,’ ಎಂದು ಹಿಂದಿನ ಸಾಲಿನಲ್ಲಿ ಕೂತು ಬೆಲ್ಟ್ ಬಿಗಿದರು. ಹೊರಗಿನ ಸದ್ದನ್ನೆಲ್ಲ ನುಂಗಿಹಾಕುವ ದೊಡ್ಡ ಹೆಡ್‌ಫೋನೊಂದನ್ನು ಅವರ ಕಿವಿಗೆ ಏರಿಸಿದೆ. ಯಾವ ಗಿರಾಕಿಗೆ ಯಾವ ಹಾಡು ಹಾಕಬೇಕು ಎಂಬುದು ತಿಳಿಯದಿದ್ದರೆ ನಾನು ಇಷ್ಟು ವರ್ಷ ಅಂಗಡಿ ನಡೆಸಿದ್ದು ದಂಡ. ಢೋಲಕ್ ಜೋರಾಗಿರುವ, ಗಂಟೆ ಹೊತ್ತು ಓಡುವ ಒಂದು ಭಜನೆ ಹಾಕಿದೆ. ಪ್ರಧಾನ್‌ಜೀ ಕಣ್ಣು ಮುಚ್ಚಿದರು. ತೊಡೆಯ ಮೇಲೆ ತಾಳ ಶುರುವಾಯಿತು. ಐದು ನಿಮಿಷ ಹತ್ತಾಯಿತು, ಇಪ್ಪತ್ತಾಯಿತು. ನಲವತ್ತಾದರೂ ನಾನು ಅಂದು ಮಾತ್ರ ಒರಗಲಿಲ್ಲ.

ಸದಸ್ಯರು ಗೊಣಗತೊಡಗಿದರು. ‘ನಮ್ಮ ಅಂಗಡಿ ತೆರೆದಿದೆ, ಬೇಗ ಮುಗಿಸಿ!’

ಸೆಕ್ಷನ್ ಆಫೀಸರ್ ಕೋಣೆಯ ಸುತ್ತ ಕಣ್ಣಾಡಿಸಿದರು. ‘ಸದಸ್ಯರು ಹಾಜರಿದ್ದಾರೆ. ಅಧ್ಯಕ್ಷರು ಆಸೀನರಾಗಿದ್ದಾರೆ. ಸಭೆ ಆರಂಭ,’ ಎಂದು ಪೆನ್ನು ತೆರೆದರು. ಕೈ ಎತ್ತಿಸಿದರು. ಮೂರು, ಮೂರು. ‘ಇನ್ನು ಅಧ್ಯಕ್ಷರ ವೋಟು.’

ಮಿಠಾಯಿಯವನು ಹಾರಿಬಂದ. ‘ಪ್ರಧಾನ್‌ಜೀ, ಸೀಟು ತೆಗೆಸಬೇಕು ಅಲ್ವಾ?’

ಪ್ರಧಾನ್‌ಜೀ ಢೋಲಕ್ಕಿನ ಏಟಿಗೆ ಸರಿಯಾಗಿ ಗಂಭೀರವಾಗಿ ತಲೆ ಆಡಿಸಿದರು. ಸೆಕ್ಷನ್ ಆಫೀಸರ್ ಅದನ್ನು ಗುರುತು ಹಾಕಿಕೊಂಡರು. ಆದರೆ ಹಾಡು ಇನ್ನೂ ಮುಗಿದಿರಲಿಲ್ಲ. ನಾನೂ ಬಗ್ಗಿ ಕೇಳಿದೆ. ‘ಪ್ರಧಾನ್‌ಜೀ, ಸೀಟು ಇಲ್ಲೇ ಇರಲಿ ಅಲ್ವಾ?’ ಈ ಸಲ ಢೋಲಕ್ ಇನ್ನೂ ಜೋರಾಗಿತ್ತು. ಅವರು ಹೆಗಲನ್ನೂ ಸೇರಿಸಿ ಆಡಿಸಿದರು.

ಅಂಗಡಿಯಲ್ಲಿ ಗದ್ದಲವೋ ಗದ್ದಲ. ಮಿಠಾಯಿಯವನು ಕೂಗಾಡಿದ, ನನ್ನ ಕಡೆಯ ಮೂವರು ಮೇಜು ಗುದ್ದಿದರು, ಬೀದಿಯ ಆಟೋದವರು ಬಂದು ಇಣುಕಿದರು. ಪ್ರಧಾನ್‌ಜೀ ಮಾತ್ರ ಭಜನೆಯಲ್ಲೇ ಇದ್ದರು. ಸೆಕ್ಷನ್ ಆಫೀಸರ್ ಯಾರ ಕಡೆಯೂ ನೋಡದೆ ಬರೆದು ಗಟ್ಟಿಯಾಗಿ ಓದಿದರು: ‘ಎರಡೂ ಕಡೆಗೆ ಕೊಟ್ಟ ವೋಟು ರದ್ದು. ಮೂರು, ಮೂರು. ಬಹುಮತವಿಲ್ಲದ ಕಾರಣ ಠರಾವು ಬಿದ್ದುಹೋಗಿದೆ. ಸೀಟುಗಳು ಇದ್ದಲ್ಲೇ ಇರತಕ್ಕದ್ದು.’

ಆಗ ಭಜನೆ ಮುಗಿಯಿತು. ಪ್ರಧಾನ್‌ಜೀ ಹೆಡ್‌ಫೋನ್ ತೆಗೆದು, ನಿದ್ದೆಯಿಂದೆದ್ದ ಮಗುವಿನಂತೆ ಎಲ್ಲರನ್ನೂ ನೋಡಿ, ‘ಚಲೋ, ಈಗ ಸಭೆ ಶುರು ಮಾಡೋಣ,’ ಎಂದರು.

‘ಮುಗಿಯಿತು ಪ್ರಧಾನ್‌ಜೀ.’

ವಿಷಯ ತಿಳಿದು ಅವರು ಎದ್ದು ಕೂಗಲು ಹೋದರು. ಬೆಲ್ಟ್ ಕಟ್ಟಿದ್ದರಿಂದ ಕೂತೇ ಕೂಗಬೇಕಾಯಿತು. ‘ನಂಗೇನೂ ಕೇಳಿಸಲೇ ಇಲ್ಲ! ಮತ್ತೆ ವೋಟು ಮಾಡಿ!’

‘ಬರವಣಿಗೆಯಲ್ಲಿ ಕೊಡಿ. ಮುಂದಿನ ಸಭೆಯಲ್ಲಿ ಪರಿಶೀಲಿಸಲಾಗುವುದು,’ ಎಂದರು ಸೆಕ್ಷನ್ ಆಫೀಸರ್.

ಪ್ರಧಾನ್‌ಜೀ ಅಲ್ಲೇ ಟ್ರೇ ಬಿಡಿಸಿಕೊಂಡು, ಸಂಘದ ಲೆಟರ್‌ಹೆಡ್ ತರಿಸಿ, ಸಿಟ್ಟಿನಲ್ಲಿ ಬರೆದರು: ‘ಈ ಅಂಗಡಿಯ ಹೆಡ್‌ಫೋನ್ ಹಾಕಿಕೊಂಡಿದ್ದರಿಂದ, ಆರು ಜನ ಪಕ್ಕದಲ್ಲೇ ನಿಂತು ಕಿರುಚಾಡಿದರೂ ನನಗೆ ಒಂದೇ ಒಂದು ಶಬ್ದವೂ ಕೇಳಿಸಲಿಲ್ಲ.’ ಸಹಿ. ಮೊಹರು.

‘ನಾನು ಸಂಬಂಧಪಟ್ಟ ವ್ಯಕ್ತಿ. ನನಗೊಂದು ಪ್ರತಿ ಬೇಕು,’ ಎಂದೆ.

‘ಕೊಡತಕ್ಕದ್ದು,’ ಎಂದರು ಸೆಕ್ಷನ್ ಆಫೀಸರ್.

ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯ ಬಾಗಿಲಿಗೇ ನೇತುಹಾಕಿದೆ. ಜನ ನಿಂತು ಓದಿದರು, ಒಳಗೆ ಬಂದು ‘ಅದೇ ಹೆಡ್‌ಫೋನ್ ಕೊಡಿ’ ಎಂದರು. ಭಾನುವಾರಕ್ಕೆ ಉಳಿದದ್ದು ಒಂದು. ಅದನ್ನು ಕೊಳ್ಳಲು ಬಂದವರು ಪ್ರಧಾನ್‌ಜೀ. ಮಾರನೆಯ ದಿನವೇ ಅವರ ವಿಮಾನ.

ಬಾಗಿಲಲ್ಲಿ ನಿಂತು ತಮ್ಮ ಕಾಗದವನ್ನು ತಾವೇ ಒಮ್ಮೆ ಓದಿದರು. ಆಮೇಲೆ ಕೌಂಟರಿಗೆ ಬಂದು, ‘ನನ್ನ ಮಾತಿನಿಂದ ನಿಮ್ಮ ಮಾಲೆಲ್ಲ ಖಾಲಿಯಾಯ್ತು. ನನಗೆ ಅರ್ಧ ಬೆಲೆಗೆ ಕೊಡ್ತೀರಿ ತಾನೆ?’ ಎಂದರು.

ನಾನು ಆ ಹೆಡ್‌ಫೋನನ್ನು ಎತ್ತಿ ನನ್ನ ಕಿವಿಗೆ ಹಾಕಿಕೊಂಡೆ. ತಲೆ ಮಾತ್ರ ಒಂದಿಷ್ಟೂ ಅಲ್ಲಾಡದಂತೆ ನೋಡಿಕೊಂಡೆ.